ಮಾತಾಡ್ತಾ ಮಾತಾಡ್ತಾ ಎಳೆ ತಪ್ಪೋದು, ರೂಮಿಗೆ ಹೋಗಿ ಯಾಕೆ ಬಂದೆ ಅಂತ ನಿಲ್ಲೋದು: ನಿಮಗೂ ಹೀಗಾಗುತ್ತಾ?

ಕಪ್ಪುಹಲಗೆ

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಕೇಳಬೇಕು ಅಂತಿದ್ದೆ.

ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡ್ತೀನಿ. ವಯಸ್ಸು 46. ಮೊನ್ನೆ ಏಕೀಕರಣದ ಪಾಠ ನಡೀತಿತ್ತು. 1956ರಲ್ಲಿ ಯಾವ ಯಾವ ಭಾಗ ಸೇರಿ ನಮ್ಮ ರಾಜ್ಯ ಆಯ್ತು ಅಂತ ಬೆರಳು ಮಡಿಸುತ್ತಾ ಹೇಳ್ತಿದ್ದೆ. ಹಳೇ ಮೈಸೂರು, ಮುಂಬಯಿ ಕರ್ನಾಟಕ, ಹೈದರಾಬಾದ್ ಕರ್ನಾಟಕ. ಅಷ್ಟರಲ್ಲಿ ಜವಾನ ಸುತ್ತೋಲೆ ಪುಸ್ತಕ ಹಿಡ್ಕೊಂಡು ಬಾಗಿಲಿಗೆ ಬಂದ. ಬಲಗೈಯಲ್ಲಿ ಸಹಿ ಹಾಕಿ ಮಕ್ಕಳ ಕಡೆ ತಿರುಗಿದೆ. ಎಡಗೈಯ ಮೂರು ಬೆರಳು ಇನ್ನೂ ಮಡಿಸಿದ ಹಾಗೇ ಇದ್ದವು. ಯಾತಕ್ಕೆ ಮಡಿಸಿದ್ದೆ ಅನ್ನೋದೇ ಹೋಗಿಬಿಟ್ಟಿತ್ತು. ಇಪ್ಪತ್ತು ವರ್ಷದಿಂದ ಮಾಡ್ತಿರೋ ಪಾಠ ಇದು. ಮುಂದಿನ ಬೆಂಚಿನ ಹುಡುಗಿ "ಮೂರು ಭಾಗ ಹೇಳಿದ್ರಿ ಮಿಸ್" ಅಂದ ಮೇಲೇನೇ ಮದ್ರಾಸ್ ಪ್ರಾಂತ್ಯದ್ದು, ಕೊಡಗು ಎರಡೂ ಬಾಯಿಗೆ ಬಂದವು.

ಮನೆಯಲ್ಲೂ ಇದೇ. ಹಾಲಿನಿಂದ ಅಡುಗೆಮನೆಗೆ ಹೋಗ್ತೀನಿ, ಫ್ರಿಜ್ ಬಾಗಿಲು ತೆಗೆದು ನಿಂತ್ಕೋತೀನಿ. ಯಾಕೆ ಬಂದೆ? ಗೊತ್ತಿಲ್ಲ.

ಭಯ ಯಾಕೆ ಅಂದ್ರೆ, ನನ್ನ ಅಮ್ಮನಿಗೆ ಮರೆವಿನ ಕಾಯಿಲೆ ಇದೆ. ಈಗ ನನ್ನ ಜೊತೆಗೇ ಇದ್ದಾರೆ. ಅವರಿಗೂ ಶುರುವಾಗಿದ್ದು ಹೀಗೇನಾ ಅಂತ ರಾತ್ರಿ ಎಚ್ಚರ ಆದಾಗೆಲ್ಲ ಯೋಚನೆ ಬರುತ್ತೆ. ಇದು ಎಲ್ಲರಿಗೂ ಆಗೋದಾ? ಯಾಕಾಗುತ್ತೆ?

ಹುಬ್ಬಳ್ಳಿ_ಗಿರ್ಮಿಟ್

ಎಲ್ಲಾರಿಗೂ ಆಗತೈತ್ರಿ ಅಕ್ಕಾರ. ಅಂಜಬ್ಯಾಡ್ರಿ.

ಬೆಳ್ಳಿಲೋಟ

ಮೇಡಂ, ನನಗೆ 31. ದಿನಾ ಆಗುತ್ತೆ. ಕುಕ್ಕರ್ ಕೂಗು ಎಣಿಸೋದು ನಮ್ಮನೇಲಿ ದೊಡ್ಡ ಕಷ್ಟ. ಬೇಳೆಗೆ ನಾಲ್ಕು ಕೂಗು. ಎರಡಾಗಿರುತ್ತೆ, ಅತ್ತೆ ಒಳಗಿಂದ "ಹಾಲಿನವನಿಗೆ ಎಷ್ಟು ಕೊಡಬೇಕಮ್ಮಾ, ಹದಿನೆಂಟು ಲೀಟರಾ ಇಪ್ಪತ್ತಾ" ಅಂತ ಕೇಳ್ತಾರೆ. ಅಷ್ಟೇ. ಎರಡಾಯ್ತೋ ಮೂರಾಯ್ತೋ ದೇವರಿಗೇ ಗೊತ್ತು. ಅವರು ಬೇರೆ ಏನಾದ್ರೂ ಕೇಳಿದ್ರೆ ಅಷ್ಟು ತಪ್ಪಲ್ಲ. ಲೆಕ್ಕದ ಮಾತು ಬಂದ್ರೆ ಮಾತ್ರ ಪೂರ್ತಿ ಹೋಗಿಬಿಡುತ್ತೆ. ಯಾಕೆ ಅಂತ ಯಾರಾದ್ರೂ ಹೇಳಿ.

ಅಂಕಿಸಂಖ್ಯೆ

ಬೆಳ್ಳಿಲೋಟ ಅವರೇ, ನೀವು ಗಮನಿಸಿರೋದು ನೂರಕ್ಕೆ ನೂರು ಸರಿ. ಮನಶ್ಶಾಸ್ತ್ರ ಓದಿದವನು ನಾನು, ಸ್ವಲ್ಪ ಉದ್ದ ಬರೀತೀನಿ.

ನಾವು ಏನನ್ನಾದ್ರೂ ಎಣಿಸುವಾಗ ಒಳಗೊಳಗೇ ಹೇಳಿಕೊಳ್ತಾ ಇರ್ತೀವಿ: ಎರಡು, ಎರಡು, ಎರಡು. ತುಟಿ ಅಲ್ಲಾಡಲ್ಲ, ಆದರೆ ಒಳಗೆ ದನಿ ಇರುತ್ತೆ. 1974ರಲ್ಲಿ ಬ್ಯಾಡ್ಲಿ ಮತ್ತು ಹಿಚ್ ಅನ್ನೋ ಇಬ್ಬರು ವಿಜ್ಞಾನಿಗಳು ಈ ತಾತ್ಕಾಲಿಕ ನೆನಪಿನ ಮಾದರಿ ಮುಂದಿಟ್ಟರು. ಆ ಒಳದನಿಯ ಜಾಗ ಬಹಳ ಚಿಕ್ಕದು, ಹೇಳಿಕೊಳ್ತಾ ಇದ್ದಷ್ಟು ಹೊತ್ತು ಮಾತ್ರ ವಿಷಯ ಅಲ್ಲಿರುತ್ತೆ. ನಿಲ್ಲಿಸಿದ್ರೆ ಕೆಲವೇ ಸೆಕೆಂಡಿನಲ್ಲಿ ಅಳಿಸಿಹೋಗುತ್ತೆ. ಅತ್ತೆಗೆ ಉತ್ತರ ಹೇಳೋಕೂ ಅದೇ ದನಿ ಬೇಕು, ಕೂಗು ಎಣಿಸೋಕೂ ಅದೇ ಬೇಕು. ಮೇಲಿಂದ "ಹದಿನೆಂಟು" ಅನ್ನೋದು "ಎರಡು" ಅನ್ನೋದರ ಜಾತಿಯದ್ದೇ. ಒಂದೇ ಗೂಡಿಗೆ ಎರಡು ಹಕ್ಕಿ ನುಗ್ಗಿದ ಹಾಗೆ.

ಜಾರ್ಜ್ ಮಿಲ್ಲರ್ 1956ರಲ್ಲಿ ಒಂದು ಸಲಕ್ಕೆ ಏಳು ಸಂಗತಿ, ಎರಡು ಹೆಚ್ಚು ಕಡಿಮೆ, ಹಿಡಿದಿಟ್ಟುಕೊಳ್ಳಬಹುದು ಅಂದಿದ್ದರು. 2001ರಲ್ಲಿ ನೆಲ್ಸನ್ ಕೋವನ್ ಅನ್ನೋರು ಅದು ಸುಮಾರು ನಾಲ್ಕೇ ಅಂತ ವಾದ ಮಾಡಿದರು. ನಾಲ್ಕು! ಅಡುಗೆಮನೆಯಲ್ಲಿ ನಿಂತವರ ತಲೆಯಲ್ಲಿ ಬೇಳೆ, ಒಗ್ಗರಣೆ, ಮಗುವಿನ ಟಿಫಿನ್ ಡಬ್ಬಿ, ಬಸ್ಸಿನ ಟೈಮು ಅಂತ ನಾಲ್ಕೂ ಆಗಲೇ ತುಂಬಿರುತ್ತೆ. ಐದನೆಯದು ಬಂದರೆ ಒಂದು ಹೊರಗೆ ಬೀಳಲೇಬೇಕು.

ಮೇಡಂ ಅವರಿಗೆ: ರೂಮಿನ ವಿಷಯಕ್ಕೂ ಸಂಶೋಧನೆ ಇದೆ. ಅಮೆರಿಕದ ನೋಟ್ರ ಡೇಮ್ ವಿಶ್ವವಿದ್ಯಾಲಯದಲ್ಲಿ ಗೇಬ್ರಿಯಲ್ ರಾಡ್ವಾನ್ಸ್ಕಿ ಮತ್ತು ಸಂಗಡಿಗರು 2011ರಲ್ಲಿ ಮಾಡಿದ್ದು. ಪೆಟ್ಟಿಗೆಯಲ್ಲಿ ಮುಚ್ಚಿದ ವಸ್ತು ಹಿಡ್ಕೊಂಡು ಕೆಲವರು ಒಂದೇ ಕೋಣೆಯಲ್ಲಿ ಇಷ್ಟು ದೂರ ನಡೆದರು, ಕೆಲವರು ಅಷ್ಟೇ ದೂರ ಬಾಗಿಲು ದಾಟಿ ನಡೆದರು. ಬಾಗಿಲು ದಾಟಿದವರು ಕೈಯಲ್ಲಿ ಏನಿದೆ ಅನ್ನೋದನ್ನ ಹೆಚ್ಚು ಮರೆತರು. ಹೊಸ್ತಿಲು ದಾಟಿದ ಕೂಡಲೇ ಮನಸ್ಸು ಹಿಂದಿನ ಕೋಣೆಯ ಸಂಗತಿಯನ್ನ ಮುಗೀತು ಅಂತ ಮಡಚಿಡುತ್ತೆ ಅನ್ನೋದು ಅವರ ವಿವರಣೆ.

ಬೆಳ್ಳಿಲೋಟ

ವಾಪಸ್ ಅದೇ ರೂಮಿಗೆ ಹೋದ್ರೆ ನೆನಪಾಗುತ್ತೆ ಅಲ್ವಾ? ನಮ್ಮಜ್ಜಿ ಯಾವಾಗಲೂ ಹಾಗೇ ಹೇಳ್ತಿದ್ರು, "ಹೊರಟ ಜಾಗಕ್ಕೆ ಹೋಗಿ ನಿಲ್ಲು".

ಅಂಕಿಸಂಖ್ಯೆ

ಅದೇ ಪ್ರಯೋಗದಲ್ಲಿ ಮೊದಲ ಕೋಣೆಗೆ ವಾಪಸ್ ಕರ್ಕೊಂಡು ಹೋಗಿಯೂ ನೋಡಿದ್ದಾರೆ. ನೆನಪು ಸುಧಾರಿಸಲಿಲ್ಲ.

ಬೆಳ್ಳಿಲೋಟ

ಒಪ್ಪಲ್ಲ. ನನಗೆ ಹತ್ತಕ್ಕೆ ಎಂಟು ಸಲ ನೆನಪಾಗಿದೆ.

ತೆಂಗಿನಗರಿ

ಇಬ್ಬರೂ ಸರಿ ಅನ್ನಿಸುತ್ತೆ. ಪ್ರಯೋಗದ ಕೋಣೆಯಲ್ಲಿ ಮೇಜು, ಪೆಟ್ಟಿಗೆ ಬಿಟ್ಟು ಬೇರೆ ಏನಿರುತ್ತೆ? ನಮ್ಮ ಮನೆ ಹಾಗಲ್ಲ. ನಾನು ಹೊಲಿಗೆ ಮಷೀನಿನ ಮುಂದಿಂದ ಎದ್ದು ರೂಮಿಗೆ ಹೋಗಿ ಮರೆತು ನಿಂತೆ ಅಂತಿಟ್ಕೊಳ್ಳಿ. ವಾಪಸ್ ಬಂದು ನೋಡಿದ್ರೆ ಬ್ಲೌಸಿನ ತೋಳು ಅರ್ಧ ಹೊಲಿದಿದೆ, ಬಾಬಿನ್ನಿನಲ್ಲಿ ದಾರ ಖಾಲಿ. ಆಗ "ಓ, ನೀಲಿ ದಾರದ ಉಂಡೆ ತರೋಕೆ ಹೋಗಿದ್ದೆ" ಅಂತ ಗೊತ್ತಾಗುತ್ತೆ. ನೆನಪು ರೂಮಿನಲ್ಲಿಲ್ಲ, ಆ ಖಾಲಿ ಬಾಬಿನ್ನಿನಲ್ಲಿದೆ.

ಅಂಕಿಸಂಖ್ಯೆ

ತೆಂಗಿನಗರಿ ಅವರು ಹೇಳಿದ್ದನ್ನ ನಾನು ಯೋಚಿಸಿರಲಿಲ್ಲ. ಒಪ್ಪಿದೆ. ಇನ್ನೊಂದು ಹೇಳಬೇಕಿತ್ತು: 2021ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಈ ಬಾಗಿಲಿನ ಪ್ರಯೋಗವನ್ನ ಮತ್ತೆ ಮಾಡಿದಾಗ ಬರೀ ಬಾಗಿಲು ದಾಟಿದ್ದಕ್ಕೆ ಮರೆವು ಬರಲಿಲ್ಲ. ಜೊತೆಗೆ ಎಣಿಸೋ ಕೆಲಸ ಕೊಟ್ಟು ತಲೆಗೆ ಭಾರ ಹಾಕಿದಾಗ ಮಾತ್ರ ಬಂತು. ಅಂದ್ರೆ ತಪ್ಪು ಬಾಗಿಲಿನದ್ದಲ್ಲ, ತಲೆ ಆಗಲೇ ತುಂಬಿರೋದು.

ಕಪ್ಪುಹಲಗೆ

ಇದನ್ನ ಓದಿ ಸ್ವಲ್ಪ ಉಸಿರು ಬಂತು. ಈ ವರ್ಷ ನನಗೆ ಪಾಠದ ಜೊತೆ ಬಿಸಿಯೂಟದ ಲೆಕ್ಕ, ಹಾಜರಾತಿ ಆನ್‌ಲೈನ್ ಮಾಡೋದು ಎಲ್ಲ ಬಂದಿದೆ.

ಗಡಿಯಾರ_ಗೋಪುರ

ಎಲ್ಲದಕ್ಕೂ ಸಂಶೋಧನೆ ಹುಡುಕಬೇಡಿ. ಕಾರಣ ನಿಮ್ಮ ಕೈಯಲ್ಲೇ ಇದೆ, ಮೊಬೈಲು. ನನಗೆ 67. ನಮ್ಮ ಕಾಲದಲ್ಲಿ ಇಪ್ಪತ್ತು ಮನೆಯ ಫೋನ್ ನಂಬರ್ ಬಾಯಲ್ಲಿರ್ತಿತ್ತು. ಇಪ್ಪತ್ತರ ಮಗ್ಗಿ ನಿದ್ದೆಯಲ್ಲಿ ಕೇಳಿದ್ರೂ ಹೇಳ್ತಿದ್ವಿ. ಈಗ ನನ್ನ ಮಗನಿಗೆ ಹೆಂಡತಿ ನಂಬರ್ ಗೊತ್ತಿಲ್ಲ. ಯಂತ್ರಕ್ಕೆ ಒಪ್ಪಿಸಿದ ಮೇಲೆ ತಲೆ ತುಕ್ಕು ಹಿಡಿಯೋದೇ.

ಸೆರಗಿನಗಂಟು

ಸರ್, ಹಿರಿಯರು ಅಂತ ಗೌರವ ಇಟ್ಟೇ ಹೇಳ್ತೀನಿ, ಇದು ಪೂರ್ತಿ ಸರಿ ಅಲ್ಲ. ನಮ್ಮಮ್ಮನಿಗೆ ಓದು ಬರೆಹ ಬರ್ತಿರಲಿಲ್ಲ, ಮೊಬೈಲು ಕನಸಲ್ಲೂ ಕಂಡವರಲ್ಲ. ಸಂತೆಗೆ ಹೊರಡುವಾಗ ಸೆರಗಿನ ತುದಿಗೆ ಗಂಟು ಹಾಕ್ಕೋತಿದ್ರು. ಮೆಣಸಿನಕಾಯಿಗೆ ಒಂದು ಗಂಟು, ಎಣ್ಣೆಗೆ ಒಂದು. ಹೊರಗಿನದ್ದೊಂದು ಗುರುತಿಗೆ ನೆನಪು ಒಪ್ಪಿಸೋದು ಹೊಸದೇನಲ್ಲ. ಆ ಸೆರಗು ಈಗ ಫೋನ್ ಆಗಿದೆ ಅಷ್ಟೇ. ಮರೆವು ಆಗಲೂ ಇತ್ತು. ಇಲ್ಲದಿದ್ರೆ "ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ್ರು" ಅನ್ನೋ ಮಾತು ಎಲ್ಲಿಂದ ಬರಬೇಕಿತ್ತು?

ಗಡಿಯಾರ_ಗೋಪುರ

ಗಂಟು ನೋಡಿದ್ರೆ ಗಂಟು ಮಾತ್ರ ಕಾಣ್ತಿತ್ತು. ಅದು ಎಣ್ಣೆ ಅಂತ ನೆನಪಿಸಿಕೊಳ್ಳೋದು ತಲೆಯೇ ಮಾಡಬೇಕಿತ್ತು. ಫೋನು ಆ ಕೆಲಸವನ್ನೂ ಕಿತ್ಕೊಂಡಿದೆ. ಮತ್ತೆ ಎರಡು ನಿಮಿಷಕ್ಕೊಂದು ಸಲ ಟಿಣ್ ಅನ್ನುತ್ತಲ್ಲ, ಅದು ಮೇಡಂ ಹೇಳಿದ ಜವಾನ ಎರಡು ನಿಮಿಷಕ್ಕೊಂದು ಸಲ ಬಾಗಿಲಿಗೆ ಬಂದು ನಿಂತ ಹಾಗೆ.

ಸೆರಗಿನಗಂಟು

ಟಿಣ್ ಅನ್ನೋದರ ಮಾತು ಒಪ್ತೀನಿ. ಅದೇ ನಿಜವಾದ ತೊಂದರೆ.

ಮೆಜೆಸ್ಟಿಕ್_ಮಳೆ

ಫೋನ್ ನಂಬರ್ ಅಂದಾಗ ನೆನಪಾಯ್ತು. ನನ್ನ ನಂಬರನ್ನ ನಾನು ಮೂರು, ಮೂರು, ನಾಲ್ಕು ಅಂಕಿ ಅಂತ ಕಡಿದು ಹೇಳೋದು. ಮೊನ್ನೆ ಕೊರಿಯರ್ ಹುಡುಗ ಎರಡೆರಡು ಅಂಕಿಯಾಗಿ ಓದಿ "ಇದೇನಾ ಸರ್" ಅಂದ. ನನ್ನದೇ ನಂಬರ್ ನನಗೆ ಗುರುತು ಸಿಗಲಿಲ್ಲ! ಎರಡನೇ ಸಲ ಓದಿಸಿದೆ.

ಅಂಕಿಸಂಖ್ಯೆ

ಹತ್ತು ಅಂಕಿ ನಾಲ್ಕರ ಗೂಡಿಗೆ ಹಿಡಿಯಲ್ಲ, ಅದಕ್ಕೇ ಮೂರು ಕಂತೆ ಕಟ್ಟಿ ಇಟ್ಕೋತೀವಿ. ಕಂತೆ ಬದಲಾದ್ರೆ ಗುರುತು ತಪ್ಪುತ್ತೆ.

ರೈಲುಹಳಿ

ನಮ್ಮಪ್ಪ ರೈಲ್ವೆಯಲ್ಲಿ ಲೋಕೋ ಪೈಲಟ್ ಆಗಿ ನಿವೃತ್ತರಾದ್ರು. ಸಿಗ್ನಲ್ ಕಂಡ ಕೂಡಲೇ ಪೈಲಟ್ ಮತ್ತು ಸಹಾಯಕ ಪೈಲಟ್ ಇಬ್ಬರೂ ಅದು ಯಾವ ಬಣ್ಣ ಅಂತ ಬಾಯಿಬಿಟ್ಟು ಜೋರಾಗಿ ಒಬ್ಬರಿಗೊಬ್ಬರು ಹೇಳಬೇಕು. ಇಬ್ಬರೂ ಕಣ್ಣಾರೆ ನೋಡಿರ್ತಾರೆ, ಆದ್ರೂ ಹೇಳಲೇಬೇಕು. ಚಿಕ್ಕವನಾಗಿದ್ದಾಗ ಅಪ್ಪನನ್ನ ಕೇಳಿದ್ದೆ, ಕಾಣೋದನ್ನ ಯಾಕೆ ಹೇಳಬೇಕು ಅಂತ. "ಕಣ್ಣು ನೋಡಿದ್ದನ್ನ ಮನಸ್ಸು ನೋಡಿರಲ್ಲ ಮಗಾ" ಅಂದಿದ್ರು. ಜಪಾನಿನ ರೈಲಿನವರು ಬೆರಳು ತೋರಿಸಿ ಹೇಳ್ತಾರಂತೆ.

ರಿಟೈರ್ ಆದ ಮೇಲೂ ಅಪ್ಪ ಮನೆ ಬೀಗ ಹಾಕಿ "ಹಿತ್ತಿಲ ಬಾಗಿಲು ಹಾಕಿದೆ, ಗ್ಯಾಸ್ ಆಫ್, ಮೋಟಾರ್ ಆಫ್" ಅಂತ ಜೋರಾಗಿ ಹೇಳಿಯೇ ಮೆಟ್ಟಿಲು ಇಳಿಯೋದು. ಅರ್ಧ ದಾರಿಯಲ್ಲಿ ಗ್ಯಾಸ್ ಆಫ್ ಮಾಡಿದ್ನಾ ಅನ್ನೋ ಅನುಮಾನ ಅವರಿಗೆ ಒಂದು ದಿನವೂ ಬಂದಿಲ್ಲ. ನನಗೂ ಅದೇ ಅಭ್ಯಾಸ ಆಗಿದೆ.

ಹುಬ್ಬಳ್ಳಿ_ಗಿರ್ಮಿಟ್

ಮೋಟಾರ್ ಅಂದ್ರಿ ನೋಡ್ರಿ! ನಮ್ಮ ಓಣ್ಯಾಗ ದಿನಾ ಯಾರದರ ಮನೀ ಟಾಕಿ ತುಂಬಿ ನೀರು ಹರೀತಿರತೈತಿ. ನಾವು ಈಗ ಮೋಟಾರ್ ಹಚ್ಚಿದ ಕೂಡಲೇ ಟಿವಿ ರಿಮೋಟ್ ಮ್ಯಾಲೆ ಟವೆಲ್ ಹಾಕತೀವ್ರಿ. ಕುಂತು ರಿಮೋಟ್ ಹುಡುಕಿದಾಗ ಟವೆಲ್ ಸಿಗತೈತಿ, ಮೋಟಾರ್ ನೆಪ್ಪಾಗತೈತಿ. ಎರಡು ವರ್ಷದಾಗ ಒಮ್ಮೆನೂ ನೀರು ಹರಿದಿಲ್ಲ.

ಬಿಳಿಕೋಟು_ದಾದಿ

ನಾನು ಸ್ಟಾಫ್ ನರ್ಸ್. ಮೇಡಂ, ನಿಮ್ಮ ಕ್ಲಾಸಿನಲ್ಲಿ ಆದದ್ದು ಮರೆವಲ್ಲ, ಅಡ್ಡಿ. ನಮಗೆ ಟ್ರೈನಿಂಗಿನಲ್ಲೇ ಹೇಳಿಕೊಡ್ತಾರೆ, ಔಷಧಿ ಹಂಚುವಾಗ ಯಾರೂ ಮಾತಾಡಿಸಬಾರದು ಅಂತ. ಆದ್ರೆ ವಾರ್ಡಿನಲ್ಲಿ ಯಾರು ಕೇಳ್ತಾರೆ? ಸಿರಿಂಜಿಗೆ ಔಷಧಿ ಎಳೀತಿರ್ತೀನಿ, ಹಿಂದಿಂದ "ಸಿಸ್ಟರ್, ನಮ್ಮ ಡ್ರಿಪ್ ಮುಗೀತು".

ಹನ್ನೊಂದು ವರ್ಷದಲ್ಲಿ ಕಲಿತದ್ದು ಒಂದು. ಯಾರೇ ಕರೆದ್ರೂ ಆ ಕ್ಷಣಕ್ಕೇ ತಿರುಗಲ್ಲ. "ಒಂದು ನಿಮಿಷ" ಅಂತೀನಿ, ಮುಂದೆ ಮಾಡಬೇಕಿರೋದು ಏನು ಅಂತ ಮನಸ್ಸಿನಲ್ಲಿ ಒಂದೇ ಪದ ಹೇಳ್ಕೋತೀನಿ, "ಲೇಬಲ್" ಅಂತಲೋ "ಏಳನೇ ಬೆಡ್" ಅಂತಲೋ. ಆಮೇಲೆ ತಿರುಗ್ತೀನಿ. ವಾಪಸ್ ಬಂದಾಗ ಆ ಪದ ಅಲ್ಲೇ ಕಾಯ್ತಾ ಇರುತ್ತೆ. ನೀವು ಜವಾನನ ಕಡೆ ತಿರುಗೋ ಮೊದಲು ಬೋರ್ಡಿನ ಮೇಲೆ "4" ಅಂತ ಬರೆದು ಹೋಗಿದ್ರೆ ಸಾಕಿತ್ತು.

ಅಂಕಿಸಂಖ್ಯೆ

ಇದಕ್ಕೆ ಪ್ರಯೋಗದ ಬೆಂಬಲವೂ ಇದೆ. ಅಡ್ಡಿ ಬಂದ ಕ್ಷಣಕ್ಕೂ ಅದರ ಕಡೆ ತಿರುಗುವ ಕ್ಷಣಕ್ಕೂ ನಡುವೆ ಕೆಲವು ಸೆಕೆಂಡ್ ಸಿಕ್ಕರೆ, ಬಿಟ್ಟ ಕೆಲಸಕ್ಕೆ ಮರಳೋದು ಬೇಗ ಆಗುತ್ತೆ. ಸಿಸ್ಟರ್ ಅದನ್ನ ಅನುಭವದಿಂದಲೇ ಕಂಡುಕೊಂಡಿದ್ದಾರೆ.

ಧಾರವಾಡ_ಫೇಡೆ

ನನಗ ಹೆಸರಿನ ತ್ರಾಸ ಐತ್ರಿ. ಮಾರಿ ನೆನಪಿರತೈತಿ, ಊರು ನೆನಪಿರತೈತಿ, ಅವರ ಮಗಳ ಮದುವ್ಯಾಗ ಏನು ಊಟ ಮಾಡಿದ್ದೆ ಅನ್ನೂದೂ ನೆನಪಿರತೈತಿ. ಹೆಸರು ಮಾತ್ರ ಬರಂಗಿಲ್ಲ. ನಾಲಿಗಿ ತುದಿಗೆ ಬಂದು ನಿಂತಿರತೈತಿ. "ಬ" ಇಂದ ಶುರು ಅನ್ನೂದು ಗೊತ್ತು, ಮೂರಕ್ಷರ ಅನ್ನೂದೂ ಗೊತ್ತು. ಯಾಕ್ರಿ ಹಿಂಗ?

ಅಂಕಿಸಂಖ್ಯೆ

1966ರಲ್ಲಿ ಬ್ರೌನ್ ಮತ್ತು ಮ್ಯಾಕ್‌ನೀಲ್ ಅನ್ನೋರು ಇದನ್ನೇ ಅಳೆದು ನೋಡಿದ್ರು. ಪದ ಸಿಗದಿದ್ರೂ ಮೊದಲಕ್ಷರ, ಎಷ್ಟು ಉಚ್ಚಾರದ ಪದ ಅನ್ನೋದು ಜನಕ್ಕೆ ಆಗಾಗ ಸರಿಯಾಗೇ ಗೊತ್ತಿತ್ತು. ಪದ ಅಳಿಸಿಲ್ಲ, ಅಲ್ಲಿಗೆ ಹೋಗೋ ದಾರಿ ಕಟ್ಟಿದೆ.

ಹೆಸರೇ ಯಾಕೆ ಅನ್ನೋದಕ್ಕೆ ನಿಮ್ಮ ಕಡೆಯ ಅಡ್ಡಹೆಸರೇ ಒಳ್ಳೇ ಉದಾಹರಣೆ. "ಇವರು ಬಡಿಗೇರ" ಅಂತ ಪರಿಚಯ ಮಾಡಿಸಿದ್ರು ಅಂತಿಟ್ಕೊಳ್ಳಿ. ಅದು ಬರೀ ಅಡ್ಡಹೆಸರು, ಅವರು ಬ್ಯಾಂಕಿನಲ್ಲಿದ್ದಾರೆ ಅಂದ್ರೆ ನಾಳೆಗೆ ಮರೆತುಹೋಗುತ್ತೆ. ಅವರು ನಿಜವಾಗಿ ಬಡಿಗತನ ಮಾಡ್ತಾರೆ ಅಂದ್ರೆ ಮರೆಯಲ್ಲ. ಯಾಕಂದ್ರೆ ಕೆಲಸ ಅಂದ ಕೂಡಲೇ ಉಳಿ, ಕೀಸುಳಿ, ಮರದ ವಾಸನೆ, ಮನೆಗೆ ಮಾಡಿಸಿದ ಬಾಗಿಲು ಎಲ್ಲ ಜೊತೆಗೆ ಬರುತ್ತೆ. ಬರೀ ಹೆಸರಿಗೆ ಅಂಟಿಕೊಳ್ಳೋಕೆ ಏನೂ ಇಲ್ಲ. ಇಂಗ್ಲೆಂಡಿನಲ್ಲಿ "ಬೇಕರ್" ಅನ್ನೋ ಅಡ್ಡಹೆಸರು, ಬೇಕರಿ ಕೆಲಸ ಎರಡನ್ನೂ ಇಟ್ಟು 1987ರಲ್ಲಿ ಇದೇ ಪ್ರಯೋಗ ಮಾಡಿದ್ರು. ಪದ ಒಂದೇ ಆದ್ರೂ ಕಸುಬು ಹೆಚ್ಚು ನೆನಪಿತ್ತು, ಹೆಸರು ಕಡಿಮೆ.

ಧಾರವಾಡ_ಫೇಡೆ

ಇದು ಖರೇ ಐತ್ರಿ. ನಮ್ಮ ಓಣ್ಯಾಗ ಒಬ್ಬ ಪತ್ತಾರ ಅದಾರ, ಒಬ್ಬ ಹೂಗಾರ ಅದಾರ. ಹೂ ಮಾರೂ ಹೂಗಾರ ಎಂದೂ ಮರ್ತಿಲ್ಲ. ಎಲ್‌ಐಸಿ ಏಜೆಂಟ್ ಪತ್ತಾರರ ಹೆಸರು ಪ್ರತಿ ಸಲ ತಡಕಾಡತೀನಿ.

ತುಂಗೆತಡಿ

ಈ ಚರ್ಚೆಯಲ್ಲಿ ಅವಧಾನದ ಮಾತು ಇನ್ನೂ ಯಾರೂ ಎತ್ತಿಲ್ಲವಲ್ಲ!

ಕನ್ನಡದಲ್ಲಿ ಅವಧಾನಕ್ಕೆ ಮರುಜೀವ ಕೊಟ್ಟವರು ಶತಾವಧಾನಿ ಆರ್. ಗಣೇಶ್. ಸಾವಿರಕ್ಕೂ ಹೆಚ್ಚು ಅಷ್ಟಾವಧಾನ ಮಾಡಿದ್ದಾರೆ. ನೋಡದವರಿಗೆ ಹೇಳ್ತೀನಿ. ಎಂಟು ಜನ ಪೃಚ್ಛಕರು, ಅಂದ್ರೆ ಪ್ರಶ್ನೆ ಕೇಳೋರು, ಎದುರಿಗೆ ಕೂತಿರ್ತಾರೆ. ಒಬ್ಬರು ಪ್ರತಿ ಹೆಜ್ಜೆಗೂ ಇಂಥ ಅಕ್ಷರ ಬಳಸಬೇಡಿ ಅಂತ ತಡೀತಾರೆ, ಅದು ನಿಷೇಧಾಕ್ಷರಿ. ಒಬ್ಬರು ಪದ್ಯದ ಕೊನೇ ಸಾಲು ಕೊಟ್ಟು ಉಳಿದದ್ದು ತುಂಬಿಸಿ ಅಂತಾರೆ. ಒಬ್ಬರು ಸಂಖ್ಯಾಬಂಧದ, ಅಂದ್ರೆ ಅಡ್ಡ ಉದ್ದ ಹೇಗೆ ಕೂಡಿದ್ರೂ ಒಂದೇ ಮೊತ್ತ ಬರೋ ಚೌಕದ, ಒಂದೊಂದು ಮನೆಯ ಅಂಕಿಯನ್ನ ಮಧ್ಯೆ ಮಧ್ಯೆ ಕೇಳ್ತಾರೆ. ಒಂದು ಸುತ್ತಿಗೆ ಪದ್ಯದ ಒಂದೇ ಪಾದ. ಅದನ್ನ ಅಲ್ಲಿಗೆ ಬಿಟ್ಟು ಮುಂದಿನವರ ಪ್ರಶ್ನೆಗೆ ಹೋಗಬೇಕು. ಕಾಗದ ಇಲ್ಲ, ಪೆನ್ ಇಲ್ಲ. ಕೊನೆಗೆ ಅಷ್ಟೂ ಪದ್ಯ ಧಾರಣೆಯಿಂದ ಒಪ್ಪಿಸಬೇಕು.

ಎಲ್ಲಕ್ಕಿಂತ ಮುಖ್ಯವಾಗಿ ಅಪ್ರಸ್ತುತ ಪ್ರಸಂಗ ಅಂತ ಒಂದು ಇದೆ. ಆ ಪೃಚ್ಛಕರ ಕೆಲಸವೇ ಎಳೆ ಕಡಿಯೋದು. ಅವಧಾನಿಗಳು ಪದ್ಯ ಕಟ್ಟುತ್ತಿರುವಾಗ ಸಂಬಂಧವೇ ಇಲ್ಲದ ಪ್ರಶ್ನೆ ಎಸೀತಾರೆ. ಅದಕ್ಕೂ ಚಮತ್ಕಾರದ ಉತ್ತರ ಕೊಟ್ಟು ಬಿಟ್ಟ ಅಕ್ಷರಕ್ಕೇ ಮರಳಬೇಕು. ನಮ್ಮ ಹಿರಿಯರು ಅಡ್ಡಿ ಅನ್ನೋದನ್ನೇ ಒಂದು ವಿದ್ಯೆಯ ಎಂಟರಲ್ಲಿ ಒಂದು ಭಾಗ ಮಾಡಿಟ್ಟಿದ್ದಾರೆ ಅಂದ್ರೆ, ಮನಸ್ಸಿಗೆ ಅದು ಎಷ್ಟು ದೊಡ್ಡ ಪರೀಕ್ಷೆ ಅನ್ನೋದು ಅವರಿಗೆ ಗೊತ್ತಿತ್ತು.

ಅಂಕಿಸಂಖ್ಯೆ

ನಾಲ್ಕರ ಗೂಡಿನಲ್ಲಿ ಇದು ಹೇಗೆ ಸಾಧ್ಯ ಅನ್ನೋದೇ ನನ್ನ ಪ್ರಶ್ನೆ.

ತುಂಗೆತಡಿ

ಛಂದಸ್ಸು ಸ್ವಾಮಿ. ಕಂದ ಪದ್ಯ ಅಂದ ಕೂಡಲೇ ಎಷ್ಟು ಮಾತ್ರೆ, ಎಲ್ಲಿ ಗಣ ಮುರಿಯುತ್ತೆ ಅನ್ನೋದು ಗೊತ್ತಾಯ್ತು. ಅದರ ಮೇಲೆ ಪ್ರಾಸ. ಪ್ರತಿ ಪಾದದ ಎರಡನೇ ಅಕ್ಷರ ಒಂದೇ ವ್ಯಂಜನ ಇರಬೇಕು. ಮೊದಲ ಪಾದದಲ್ಲಿ "ತ" ಬಂದಿದ್ರೆ ಉಳಿದ ಪಾದ ಹುಡುಕುವಾಗ ಎರಡನೇ ಜಾಗದಲ್ಲಿ "ತ" ನಿಂತು ಕೈ ಬೀಸುತ್ತಿರುತ್ತೆ. ಪ್ರಾಸ ಬರೀ ಕಿವಿಗೆ ಇಂಪು ಅಂತ ನಾನು ಒಪ್ಪಲ್ಲ. ಅದು ನೆನಪಿನ ಗೂಟ. ಬರೆದಿಡದ ಕಾಲದಲ್ಲಿ ಪದ್ಯ ಉಳಿದದ್ದರಲ್ಲಿ ಅದರ ಪಾಲು ದೊಡ್ಡದು.

ಕಡಲತೀರ

ನಮ್ಮ ಕಡೆ ತಾಳಮದ್ದಳೆಯಲ್ಲಿ, ವೇಷ ಇಲ್ಲದೆ ಕೂತು ಮಾತಾಡುವ ಯಕ್ಷಗಾನದಲ್ಲಿ, ಸಹ ಹಾಗೇ ಮಾರಾಯ್ರೆ. ಅರ್ಥಧಾರಿ, ಅಂದ್ರೆ ಪಾತ್ರದ ಮಾತು ಹೇಳುವವರು, ಮಾತಾಡ್ತಾ ಎಲ್ಲಿಗೋ ಹೋಗಿರ್ತಾರೆ, ಎದುರಿನವರು ಅಡ್ಡ ಪ್ರಶ್ನೆ ಹಾಕಿ ಇನ್ನೂ ದೂರ ಎಳೀತಾರೆ. ಆದ್ರೆ ಹಾಡುವ ಭಾಗವತರ ಪದ್ಯ ಉಂಟಲ್ಲ. ಪದ್ಯದ ಒಂದು ಶಬ್ದ ಹಿಡಿದು ವಾಪಸ್ ಬರ್ತಾರೆ. ನನ್ನ ಮಾವ ಅರ್ಥ ಹೇಳ್ತಿದ್ದವರು. ಒಮ್ಮೆ ಕರ್ಣನ ಅರ್ಥ ಹೇಳುವಾಗ ಮಾತು ಪೂರ್ತಿ ನಿಂತಿತು. ಭಾಗವತರು ಸಣ್ಣಕೆ ಪದ್ಯದ ಮೊದಲ ಶಬ್ದ ಗುನುಗಿದರು, ಅಷ್ಟೇ. ಮಾವ ಅಲ್ಲಿಂದ ಮುಕ್ಕಾಲು ಗಂಟೆ ಮಾತಾಡಿದರು. ಸಭೆಗೆ ಗೊತ್ತೇ ಆಗ್ಲಿಲ್ಲ.

ಎರಡನೇಪಿಯುಸಿ

ಕರ್ಣ ಅಂದ್ರಿ. ನನಗೆ ಪರೀಕ್ಷೆ ಹಾಲಿನಲ್ಲಿ ಕರ್ಣನ ಶಾಪವೇ ತಟ್ಟೋದು. ರಾತ್ರಿ ಐದು ಸಲ ಓದಿರ್ತೀನಿ. ಪೇಪರ್ ಕೈಗೆ ಬಂದಾಗ ಖಾಲಿ. ಹೊರಗೆ ಬಂದು ಸೈಕಲ್ ಬೀಗ ತೆಗೆಯುವಾಗ ಎಲ್ಲ ನೆನಪಾಗುತ್ತೆ. ದಯವಿಟ್ಟು ಏನಾದ್ರೂ ಹೇಳಿ, ಮಾರ್ಚಿಗೆ ಪರೀಕ್ಷೆ.

ಕಪ್ಪುಹಲಗೆ

ಮಗೂ, ಇದು ನನಗೆ ಗೊತ್ತಿರೋ ವಿಷಯ, ನಾನೇ ಹೇಳ್ತೀನಿ. ಗಾಬರಿಯಲ್ಲಿ ನೆನಪಿನ ಬಾಗಿಲು ಮುಚ್ಚುತ್ತೆ, ಸಾಮಾನು ಒಳಗೇ ಇರುತ್ತೆ. ಸೈಕಲ್ ಹತ್ರ ನೆನಪಾಗೋದೇ ಅದಕ್ಕೆ ಸಾಕ್ಷಿ.

ಐದು ಸಲ ಓದೋದು ಬಿಡು. ಎರಡು ಸಲ ಓದು, ಪುಸ್ತಕ ಮುಚ್ಚು, ಖಾಲಿ ಹಾಳೆಯಲ್ಲಿ ನೆನಪಿದ್ದಷ್ಟು ಬರಿ. ಬಿಟ್ಟುಹೋದದ್ದನ್ನ ಮಾತ್ರ ಮತ್ತೆ ನೋಡು. ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಇದನ್ನ ಪರೀಕ್ಷೆ ಮಾಡಿದ್ರು. ಐದು ನಿಮಿಷ ಆದ ಮೇಲೆ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ರು. ಒಂದು ವಾರ ಬಿಟ್ಟು ಕೇಳಿದಾಗ ಮುಚ್ಚಿ ಬರೆದವರು ಮುಂದೆ ಹೋಗಿದ್ರು. ಹಿಂದಿನ ರಾತ್ರಿ ಓದಿದ್ದೆಲ್ಲ ಬಂತು ಅಂತ ಅನ್ನಿಸೋದು ಆ ಐದು ನಿಮಿಷದ ನೆನಪು.

ಎಬ್ಬಿಂಗ್‌ಹೌಸ್ ಅಂತ ಜರ್ಮನಿಯ ವಿಜ್ಞಾನಿ 1885ರಲ್ಲೇ ಅರ್ಥವಿಲ್ಲದ ಅಕ್ಷರಗಳ ಪಟ್ಟಿ ತಾನೇ ಬಾಯಿಪಾಠ ಮಾಡಿ ಅಳೆದ. ಒಂದು ಗಂಟೆಯಲ್ಲೇ ಅರ್ಧಕ್ಕಿಂತ ಹೆಚ್ಚು ಹೋಗಿತ್ತು. ಒಂದು ದಿನಕ್ಕೆ ಮೂರನೇ ಒಂದು ಭಾಗ ಉಳಿದಿತ್ತು, ತಿಂಗಳಾದ ಮೇಲೆ ಐದನೇ ಒಂದು. ಮೊದಲ ದಿನವೇ ದೊಡ್ಡ ನಷ್ಟ, ಆಮೇಲೆ ನಿಧಾನ. ಅದಕ್ಕೇ ಇವತ್ತು ಓದಿದ್ದನ್ನ ನಾಳೆ ಒಂದು ಸಲ ಮುಚ್ಚಿ ಬರೆದು ನೋಡು, ಆಮೇಲೆ ವಾರಕ್ಕೊಂದು ಸಲ. ಹಿಂದಿನ ರಾತ್ರಿ ಮಾತ್ರ ನಿದ್ದೆ ಬಿಡಬೇಡ. ಓದಿದ್ದು ಒಳಗೆ ಗಟ್ಟಿಯಾಗಿ ಕೂರೋದು ನಿದ್ದೆಯಲ್ಲೇ.

ಎರಡನೇಪಿಯುಸಿ

ಥ್ಯಾಂಕ್ಸ್ ಮಿಸ್. ಇವತ್ತಿಂದಲೇ ಶುರು.

ಹಳ್ಳಿಡಾಕ್ಟ್ರು

ತಡವಾಗಿ ನೋಡಿದೆ. ಮೇಡಂ ಕೇಳಿದ ಭಯದ ಪ್ರಶ್ನೆಗೆ ಯಾರೂ ನೇರ ಉತ್ತರ ಕೊಟ್ಟಿಲ್ಲ.

ನೀವು ಬರೆದಿರೋದರಲ್ಲಿ ನನಗೆ ಎದ್ದು ಕಾಣೋದು ಇದು: ಹುಡುಗಿ ಒಂದು ಮಾತು ಹೇಳಿದ ಕೂಡಲೇ ಉಳಿದ ಎರಡೂ ನೆನಪಾಯ್ತು. ಸುಳಿವು ಕೊಟ್ಟರೆ ಸಿಗುತ್ತೆ ಅಂದ್ರೆ ನೆನಪು ಇದೆ. ನಾವು ಚಿಂತೆ ಮಾಡೋದು ಬೇರೆ ಲಕ್ಷಣಗಳಿಗೆ. ದಿನಾ ಓಡಾಡುವ ಬೀದಿಯಲ್ಲೇ ದಾರಿ ತಪ್ಪೋದು, ಉತ್ತರ ಕೇಳಿದ ಐದು ನಿಮಿಷಕ್ಕೆ ಅದೇ ಪ್ರಶ್ನೆ ಮತ್ತೆ ಕೇಳೋದು ಮತ್ತು ಕೇಳಿದ್ದೇ ಗೊತ್ತಿಲ್ಲದಿರೋದು, ವರ್ಷಗಳಿಂದ ಮಾಡಿದ ಅಡುಗೆಯ ಕ್ರಮ ತಪ್ಪೋದು, ದುಡ್ಡಿನ ಲೆಕ್ಕ ಹಿಡಿತ ತಪ್ಪೋದು. ಇಂಥದ್ದನ್ನ ಸಾಮಾನ್ಯವಾಗಿ ಮನೆಯವರು ಮೊದಲು ಗಮನಿಸಿ ಕರ್ಕೊಂಡು ಬರ್ತಾರೆ. ರೋಗಿ "ನನಗೇನೂ ಆಗಿಲ್ಲ" ಅಂತಲೇ ಅಂತಾರೆ. ಆದರೂ ಇಲ್ಲಿ ಕೂತು ನಾನು ಸರ್ಟಿಫಿಕೇಟ್ ಕೊಡಲ್ಲ, ಒಂದು ಸಲ ತೋರಿಸಿಕೊಳ್ಳಿ. ಯಾಕಂದ್ರೆ ಸರಿಮಾಡಬಹುದಾದ ಕಾರಣ ಬಹಳ ಇವೆ.

ಮೊದಲನೆಯದು ಬಿ12. ಅದು ಸಹಜವಾಗಿ ಸಿಗೋದು ಮಾಂಸ, ಮೀನು, ಮೊಟ್ಟೆ, ಹಾಲಿನಿಂದ. ಸಸ್ಯಾಹಾರಿಗಳಿಗೆ ಕೊರತೆ ಸುಲಭ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಳ್ಳೋರಿಗೆ, ಗ್ಯಾಸ್ಟ್ರಿಕ್ ಮಾತ್ರೆ ದಿನಾ ನುಂಗೋರಿಗೂ ಕಡಿಮೆಯಾಗುತ್ತೆ. ಕೈಕಾಲು ಜುಮ್ಮೆನ್ನೋದು, ಸುಸ್ತು, ಮರೆವು ಒಟ್ಟಿಗೆ ಬಂದ್ರೆ ನಾನು ಮೊದಲು ಅದನ್ನೇ ನೋಡೋದು. ಥೈರಾಯ್ಡ್ ಕಡಿಮೆ ಇದ್ರೂ ಮನಸ್ಸು ಮಂದ ಆಗುತ್ತೆ. ನಿಮ್ಮ ವಯಸ್ಸಿನಲ್ಲಿ ಮುಟ್ಟು ನಿಲ್ಲೋ ಸಮಯದ ಏರುಪೇರು, ನಿದ್ದೆ ಕೆಡೋದು ಎರಡೂ ಸಾಮಾನ್ಯ. ಜೋರು ಗೊರಕೆ ಹೊಡೆದು ಮಧ್ಯೆ ಉಸಿರು ಕಟ್ಟೋರು, ನಿದ್ದೆ ತರಿಸೋ ಹಳೇ ತರಹದ ಅಲರ್ಜಿ ಮಾತ್ರೆ ನುಂಗೋರು, ಖಿನ್ನತೆ ಇರೋರು, ಇವರಿಗೆಲ್ಲ ಮರೆವು ಬರುತ್ತೆ, ಚಿಕಿತ್ಸೆಯಿಂದ ಬಹಳ ಮಟ್ಟಿಗೆ ಹೋಗುತ್ತೆ.

ವಯಸ್ಸಾದವರ ಬಗ್ಗೆ ಒಂದು ಮಾತು ಎಲ್ಲರಿಗೂ. ಬಚ್ಚಲಲ್ಲಿ ಜಾರಿ ಬಿದ್ದು ಕೆಲವು ವಾರದಲ್ಲಿ ಗೊಂದಲ, ಮಂಪರು ಶುರುವಾದ್ರೆ ಅದನ್ನ ಅರಳು ಮರಳು ಅಂತ ಕೂರಬೇಡಿ. ತಲೆಯೊಳಗೆ ನಿಧಾನವಾಗಿ ರಕ್ತ ಸೇರಿರಬಹುದು. ಸ್ಕ್ಯಾನ್ ಮಾಡಿಸಬೇಕು. "ಅರವತ್ತಕ್ಕೆ ಅರಳು ಮರಳು" ಅನ್ನೋ ಮಾತಿನಿಂದ ಎಷ್ಟೋ ಜನಕ್ಕೆ ಸಿಗಬೇಕಾದ ಚಿಕಿತ್ಸೆ ಸಿಕ್ಕಿಲ್ಲ. ನನಗೆ ಆ ಗಾದೆ ಕೇಳಿದ್ರೆ ಸಿಟ್ಟು ಬರುತ್ತೆ.

ಗಡಿಯಾರ_ಗೋಪುರ

ಡಾಕ್ಟ್ರೇ, ನಾನು ಹನ್ನೆರಡು ವರ್ಷದಿಂದ ಮೆಟ್‌ಫಾರ್ಮಿನ್ ತಗೋತಿದ್ದೀನಿ. ಒಂದು ಸಲವೂ ಯಾರೂ ಬಿ12 ನೋಡಿಸಿಲ್ಲ.

ಹಳ್ಳಿಡಾಕ್ಟ್ರು

ನಾಳೆಯೇ ನೋಡಿಸಿ ಸರ್. ಮಾತ್ರೆ ಮಾತ್ರ ನೀವಾಗಿ ನಿಲ್ಲಿಸಬೇಡಿ.

ಅಡಿಕೆಸೋಗೆ

ಮನೆಮದ್ದು ಯಾರೂ ಹೇಳಿಲ್ಲ. ಬ್ರಾಹ್ಮಿ ತಂಬುಳಿ ವಾರಕ್ಕೆರಡು ಸಲ ಮಾಡಿ. ನಮ್ಮನೇಲಿ ಪರೀಕ್ಷೆ ಬಂತು ಅಂದ್ರೆ ಆಯಿ ಬಾವಿಕಟ್ಟೆಯ ಹತ್ರ ಬೆಳೆದ ಒಂದೆಲಗ ಕೊಯ್ದು ತರ್ತಿದ್ರು.

ತುಂಗೆತಡಿ

ಒಂದೆಲಗ ಬೇರೆ, ನೀರುಬ್ರಾಹ್ಮಿ ಬೇರೆ. ದಂಟಿನ ತುದಿಗೆ ದುಂಡಗಿನ ಒಂದೇ ಎಲೆ ಇರೋದು ಒಂದೆಲಗ. ನೀರುಬ್ರಾಹ್ಮಿಗೆ ಸಣ್ಣ ಸಣ್ಣ ದಪ್ಪ ಎಲೆ, ಬಿಳಿ ಹೂ. ಎರಡಕ್ಕೂ ಬ್ರಾಹ್ಮಿ ಅಂತಾರೆ. ಅಂಗಡಿಯ ಪುಡಿಯಲ್ಲಿ ಯಾವುದಿದೆ ನೋಡಿ ತಗೊಳ್ಳಿ.

ಕಡಲತೀರ

ನಮ್ಮಲ್ಲಿ ಒಂದೆಲಗಕ್ಕೆ ತಿಮರೆ ಅಂತ ಹೇಳುದು. ಚಟ್ನಿ ಮಾಡ್ತಾರೆ. ಗಂಜಿಗೆ ಭಾರೀ ಲಾಯ್ಕ.

ಹಳ್ಳಿಡಾಕ್ಟ್ರು

ತಂಬುಳಿ ಖಂಡಿತ ತಿನ್ನಿ. ಆದ್ರೆ ಬಿ12 ಕೊರತೆಗೆ ತಂಬುಳಿ ಮದ್ದಲ್ಲ. ಪರೀಕ್ಷೆ ಮಾಡಿಸೋದನ್ನ ಅದರ ಭರವಸೆಯಲ್ಲಿ ಮುಂದೂಡಬೇಡಿ.

ಅಡಿಕೆಸೋಗೆ

ಹಾಗಂತ ನಾನು ಹೇಳಿಲ್ಲ ಡಾಕ್ಟ್ರೇ. ಅದೂ ಇರಲಿ, ಇದೂ ಇರಲಿ.

ಕಪ್ಪುಹಲಗೆ

ಡಾಕ್ಟ್ರೇ, ನಿಮ್ಮ ಉತ್ತರ ಮೂರು ಸಲ ಓದಿದೆ. ನಾಳೆ ರಕ್ತ ಪರೀಕ್ಷೆಗೆ ಹೋಗ್ತೀನಿ.

ಅಮ್ಮನ ಬಗ್ಗೆ ಒಂದು ವಿಷಯ ಕೇಳಬೇಕು. ಅವರಿಗೆ ಈಗ ನನ್ನ ಹೆಸರು ಬರಲ್ಲ. ಕೆಲವು ದಿನ ನನ್ನನ್ನ ಅವರ ಅಕ್ಕ ಅಂದ್ಕೊಂಡು ಮಾತಾಡ್ತಾರೆ. ಬೆಳಿಗ್ಗೆ ತಿಂಡಿ ತಿಂದದ್ದು ಹತ್ತು ನಿಮಿಷಕ್ಕೆ ನೆನಪಿರಲ್ಲ. ಆದ್ರೆ ನಿನ್ನೆ ಹೂವಿನವಳು ಬಿಡಿ ಮಲ್ಲಿಗೆ ಕೊಟ್ಟು ಹೋಗಿದ್ಲು. ಮೊರದಲ್ಲಿ ಇಟ್ಟು ಅವರ ಮುಂದಿಟ್ಟೆ, ನೆನೆಸಿದ ಬಾಳೆನಾರು ಪಕ್ಕಕ್ಕಿಟ್ಟೆ. ಒಂದು ಮಾತೂ ಹೇಳಲಿಲ್ಲ. ಕೈ ತಾನಾಗೇ ಹೋಯ್ತು. ಎರಡು ಹೂ ಈ ಕಡೆ, ಎರಡು ಹೂ ಆ ಕಡೆ, ನಾರು ಸುತ್ತಿ ಬೆರಳಲ್ಲಿ ಕುಣಿಕೆ ಹಾಕಿ ಎಳೆದ್ರು. ಒಂದು ಮೊಳ ಕಟ್ಟಿದ್ರು. ಒಂದು ಕಡೆಯೂ ಸಡಿಲ ಇಲ್ಲ. ನನಗೆ ಇವತ್ತಿಗೂ ಅಷ್ಟು ಒತ್ತಾಗಿ ಕಟ್ಟೋಕೆ ಬರಲ್ಲ. ಆಮೇಲೆ ಅದನ್ನ ಎತ್ತಿ ಹಿಡಿದು "ಯಾರು ಕಟ್ಟಿದ್ದು ಇದು, ಚೆನ್ನಾಗಿದೆ" ಅಂದ್ರು.

ಮಗಳ ಹೆಸರು ಹೋಗಿ ಹೂ ಕಟ್ಟೋದು ಹೇಗೆ ಉಳಿಯುತ್ತೆ?

ಹಳ್ಳಿಡಾಕ್ಟ್ರು

ಮೇಡಂ, ಹೆಸರು, ಘಟನೆಗಳ ನೆನಪು ಒಂದು. ಕೈಗೆ ರೂಢಿಯಾದದ್ದರ ನೆನಪು ಇನ್ನೊಂದು. ಮಿದುಳಿನಲ್ಲಿ ಎರಡೂ ಬೇರೆ ಬೇರೆ ಕಡೆ ಇರ್ತವೆ.

ಇದು ಗೊತ್ತಾದದ್ದು ಹೆನ್ರಿ ಮೊಲೈಸನ್ ಅನ್ನೋ ಒಬ್ಬ ರೋಗಿಯಿಂದ. ಮೂರ್ಛೆರೋಗಕ್ಕೆ ಅಂತ 1953ರಲ್ಲಿ, ಅವರಿಗೆ 27 ವರ್ಷ ಇದ್ದಾಗ, ಮಿದುಳಿನ ಎರಡೂ ಕಡೆಯ ಹಿಪೊಕ್ಯಾಂಪಸ್ ಭಾಗವನ್ನ ಬಹುಪಾಲು ತೆಗೆದುಬಿಟ್ಟರು. ಕಡಲಕುದುರೆಯ ಆಕಾರ ಅದಕ್ಕೆ. ಆಮೇಲೆ ಅವರಿಗೆ ಹೊಸ ಘಟನೆ ಯಾವುದೂ ನೆನಪಲ್ಲಿ ನಿಲ್ಲಲಿಲ್ಲ. ಬ್ರೆಂಡಾ ಮಿಲ್ನರ್ ಅನ್ನೋ ವಿಜ್ಞಾನಿ ಅವರಿಗೆ ಕನ್ನಡಿಯಲ್ಲಿ ನೋಡ್ತಾ ನಕ್ಷತ್ರದ ಗೆರೆ ಮೇಲೆ ಪೆನ್ಸಿಲ್ ಓಡಿಸೋ ಕೆಲಸ ಕೊಟ್ಟರು. ಮೂರು ದಿನದಲ್ಲಿ ಕೈ ಪಳಗಿತು. ಆದ್ರೆ ಪ್ರತಿ ದಿನವೂ ಅವರಿಗೆ ಅದು ಹೊಸ ಕೆಲಸ, ಹಿಂದೆ ಮಾಡಿದ್ದೇ ನೆನಪಿಲ್ಲ. ನಿಮ್ಮಮ್ಮ "ಯಾರು ಕಟ್ಟಿದ್ದು" ಅಂದ್ರಲ್ಲ, ಹಾಗೇ. ಅಲ್ಜೈಮರ್ ಕಾಯಿಲೆ ಹಿಪೊಕ್ಯಾಂಪಸ್ ಇರೋ ಭಾಗಕ್ಕೆ ಬೇಗ ತಗಲುತ್ತೆ, ಕೈಯ ರೂಢಿ ಬಹಳ ಕಾಲ ಉಳಿಯುತ್ತೆ.

ಅದಕ್ಕೇ "ನಾನು ಯಾರು ಹೇಳಿ" ಅಂತ ಪರೀಕ್ಷೆ ಮಾಡಬೇಡಿ. ಉತ್ತರ ಬರದಿದ್ರೆ ಅವರಿಗೆ ನೋವಾಗುತ್ತೆ, ನೋವು ಯಾಕೆ ಅನ್ನೋದು ಮರೆತರೂ ಆ ಸಂಕಟ ಸ್ವಲ್ಪ ಹೊತ್ತು ಉಳಿಯುತ್ತೆ. ಹೂ ಕೊಡಿ, ಬಟಾಣಿ ಸುಲಿಯೋಕೆ ಕೊಡಿ, ಹಳೇ ಹಾಡು ಹಾಕಿ. ನಿಮಗೂ ವಾರದಲ್ಲಿ ಅರ್ಧ ದಿನ ಯಾರಾದ್ರೂ ಕೈ ಬದಲಿಸೋ ಹಾಗೆ ನೋಡ್ಕೊಳ್ಳಿ. ನಿಮ್ಹಾನ್ಸ್‌ನಲ್ಲಿ ನೋಡಿಕೊಳ್ಳೋ ಮನೆಯವರಿಗೂ ಮಾರ್ಗದರ್ಶನ ಸಿಗುತ್ತೆ. ರಾತ್ರಿ ಎಚ್ಚರ ಆಗುತ್ತೆ ಅಂದ್ರಿ. ನಿಮ್ಮ ಮರೆವಿನಲ್ಲಿ ಆ ನಿದ್ದೆಗೇಡಿಗೆ ದೊಡ್ಡ ಪಾಲು ಇರಬಹುದು.

ಸೆರಗಿನಗಂಟು

ಮೇಡಂ, ನನ್ನಮ್ಮನೂ ಕೊನೇ ಎರಡು ವರ್ಷ ಹೀಗೇ ಇದ್ರು. ಹೆಸರು ಹೋಗಿತ್ತು. ನಾನು ಪಕ್ಕದಲ್ಲಿ ಕೂತರೆ ಮಾತ್ರ ಸೆರಗಿನ ತುದಿ ನನ್ನ ಕೈಗೆ ಕೊಡೋರು, ಗಂಟು ಬಿಚ್ಚು ಅಂತ. ಗಂಟೇ ಇರ್ತಿರಲಿಲ್ಲ. ನಾನು ಬಿಚ್ಚೋ ಹಾಗೆ ಮಾಡ್ತಿದ್ದೆ.

ಕಪ್ಪುಹಲಗೆ

ಅಕ್ಕಾ...

ನಾಳೆ ಮತ್ತೆ ಹೂ ತರಿಸ್ತೀನಿ. ಅಡಿಕೆಸೋಗೆ ಅವರೇ, ಅಮ್ಮ ಒಂದೆಲಗದ ತಂಬುಳಿ ಮಾಡ್ತಿದ್ರು, ನಾನು ಕಲಿಯಲೇ ಇಲ್ಲ. ಎಲೆ ಹಸಿಯಾಗೇ ರುಬ್ಬೋದಾ, ತುಪ್ಪದಲ್ಲಿ ಹುರಿಯೋದಾ?

ಅಡಿಕೆಸೋಗೆ

ಆಯಿ ಹುರೀತಿದ್ರು. ಒಂದು ಚಮಚ ತುಪ್ಪಕ್ಕೆ ಜೀರಿಗೆ, ನಾಲ್ಕು ಕಾಳುಮೆಣಸು ಹಾಕಿ, ಅದು ಚಟಪಟ ಅಂದಾಗ ಎಲೆ ಹಾಕಿ ಬಾಡಿಸಿ. ಆರಿದ ಮೇಲೆ ಕಾಯಿತುರಿ ಜೊತೆ ನುಣ್ಣಗೆ ರುಬ್ಬಿ ಮಜ್ಜಿಗೆಗೆ ಬೆರೆಸಿ, ಉಪ್ಪು ಹಾಕಿ. ಆಮೇಲೆ ಕುದಿಸಬೇಡಿ.

ಕಡಲತೀರ

ಹಸಿ ರುಬ್ಬಿದ್ರೇ ಪರಿಮಳ ಜಾಸ್ತಿ.

ಅಡಿಕೆಸೋಗೆ

ಕಹಿಯೂ ಜಾಸ್ತಿ. ಮೇಡಂ, ಅಮ್ಮನ ಮುಂದೆ ಎಲೆ, ತುಪ್ಪ, ಮಜ್ಜಿಗೆ ಇಟ್ಟು ನೋಡಿ. ಅವರ ಕೈ ಮೊದಲು ಯಾವುದಕ್ಕೆ ಹೋಗುತ್ತೋ ಹಾಗೇ ಮಾಡಿ.